ಕಾಗೆಗಳಿಲ್ಲದ ಬೆಟ್ಟ

"ಈ ಸಲ ಜಾಗ ಆರಿಸೋ ಜವಾಬ್ದಾರಿ ಪೂರ್ತಿ ನಂದು. ನೀನು ತಲೆ ಕೆಡಿಸ್ಕೋಬೇಡ. ನಿನ್ನ ಬಟ್ಟೆ ತುಂಬ್ಕೊಂಡು ನನ್ನ ಹಿಂದೆ ಬಾ, ಸಾಕು!" ಎಂದು ನಾನು ಹೆಂಡತಿಗೆ ಘೋಷಿಸಿದೆ. ಘೋಷಿಸುವುದು ನನಗೇನೂ ಹೊಸದಲ್ಲ. ರೈಲು ನಿಲ್ದಾಣದಲ್ಲಿ ಯಾವ ರೈಲು ಯಾವ ಪ್ಲಾಟ್‌ಫಾರ್ಮಿಗೆ ಬರುತ್ತದೆ, ಯಾವುದು ಎಷ್ಟು ತಡ ಎಂದು ಮೈಕಿನಲ್ಲಿ ಹೇಳುವ ಕೆಲಸ ನನ್ನದು. ನನ್ನ ಒಂದು ಮಾತಿಗೆ ಸಾವಿರಾರು ಜನ ಗಂಟುಮೂಟೆ ಎತ್ತಿಕೊಂಡು ಈ ಕಡೆಯಿಂದ ಆ ಕಡೆಗೆ ಓಡುತ್ತಾರೆ. ಹಾಗೆ ಓಡದವಳು ಈ ಭೂಮಂಡಲದಲ್ಲಿ ಒಬ್ಬಳೇ. ಅವಳನ್ನೇ ನಾನು ಮದುವೆಯಾಗಿದ್ದೇನೆ.

ಅವಳು ಆಸ್ಪತ್ರೆಯ ತೀವ್ರ ನಿಗಾ ಘಟಕದಲ್ಲಿ ನರ್ಸ್. ಹೊಸದಾಗಿ ಬಂದ ಯಂತ್ರಗಳ ತರಬೇತಿಗೆಂದು ಆಸ್ಪತ್ರೆಯವರು ಅವಳನ್ನು ದೂರದ ಊರಿಗೆ ಕಳಿಸುವವರಿದ್ದರು. ತರಬೇತಿ ಮುಗಿದ ಮೇಲೆ, ವಾಪಸು ರೈಲು ಹತ್ತುವ ಮೊದಲು, ಒಂದು ಇಡೀ ದಿನ ಖಾಲಿ ಇತ್ತು. ರಜೆ ಎಂಬ ಪದಾರ್ಥವನ್ನೇ ಮರೆತ ಅವಳ ಬದುಕಿನಲ್ಲಿ ಅದೊಂದು ದಿನ ಎಲ್ಲಿಂದಲೋ ಉದುರಿ ಬಿದ್ದಿತ್ತು. "ನೀವೂ ಬನ್ನಿ. ಅಲ್ಲೇ ಹತ್ತಿರ ಹಕ್ಕಿ ಬರೋ ಜಾಗ ಇದ್ಯಂತೆ. ಹೋಗಿ ಸುಮ್ನೆ ಕೂತು ಬರೋಣ" ಎಂದಳು. ನಾನು ಕೂಡಲೇ ರಜೆಯ ಅರ್ಜಿ ಗೀಚಿದೆ.

ಅವಳಿಗೆ ಹಕ್ಕಿಯ ಹುಚ್ಚು ಹಿಡಿದದ್ದು ವಾರ್ಡಿನಲ್ಲಿ. ಅಲ್ಲಿರುವುದು ಒಂದೇ ಕಿಟಕಿ, ಕಿಟಕಿಯ ಆಚೆ ಒಂದು ಮರ. ಟೀ ಕುಡಿಯಲು ಸಿಗುವ ಚೂರು ಬಿಡುವಿನಲ್ಲಿ ಅವಳು ಲೋಟ ಹಿಡಿದು ಅಲ್ಲಿ ನಿಲ್ಲುತ್ತಾಳೆ. ಯಾವ ಹಕ್ಕಿಯ ಹೆಸರೂ ಅವಳಿಗೆ ಗೊತ್ತಿಲ್ಲ. ತಿಳಿದುಕೊಳ್ಳಬೇಕೆಂಬ ಹಟವೂ ಇಲ್ಲ.

"ಹೆಸರೇ ಗೊತ್ತಿಲ್ದೆ ಏನು ನೋಡ್ತೀಯ ಅವುಗಳಲ್ಲಿ?" ಎಂದು ಒಮ್ಮೆ ಕೇಳಿದ್ದೆ.

"ಅವುಗಳಲ್ಲಿ ಒಂದೂ ನನ್ನನ್ನ 'ಸಿಸ್ಟರ್' ಅಂತ ಕೂಗಲ್ಲ" ಎಂದಿದ್ದಳು.

ನಾನು ಬಿದ್ದು ಬಿದ್ದು ನಕ್ಕೆ. ಅವಳು ನಗಲಿಲ್ಲ. ಅದನ್ನು ನಾನು ಆಗಲೇ ಗಮನಿಸಬೇಕಿತ್ತು. ಆದರೆ ಅಷ್ಟರಲ್ಲಿ ನಾನು ಬೇರೆ ಏನೋ ಹೇಳಲು ಶುರುಮಾಡಿಯಾಗಿತ್ತು.

ಇರಲಿ, ಜಾಗದ ವಿಷಯಕ್ಕೆ ಬರೋಣ. ಆ ದೂರದ ಊರಿನ ಸುತ್ತ ಹಕ್ಕಿ ನೋಡಲು ಮೂರು ಜಾಗಗಳಿದ್ದವು. ಒಂದು ದೊಡ್ಡ ಕೆರೆ, ಒಂದು ಕಾಡುಬೆಟ್ಟ, ಒಂದು ನದಿ ಸಮುದ್ರಕ್ಕೆ ಸೇರುವ ಅಳಿವೆ. ನಮ್ಮ ನಿಲ್ದಾಣದ ಟಿಕೆಟ್ ಗುಮಾಸ್ತ ಹಳೆಯ ಹಕ್ಕಿಹುಚ್ಚ. ತನ್ನ ದುರ್ಬೀನನ್ನು ಹಸುಗೂಸಿನಂತೆ ಎರಡೂ ಕೈಯಲ್ಲಿ ನನಗೆ ಒಪ್ಪಿಸುತ್ತ ಅವನು, "ಕಣ್ಣು ಮುಚ್ಕೊಂಡು ಕೆರೆಗೆ ಹೋಗ್ರಿ. ದಂಡೆ ಮೇಲೆ ನೆರಳಿದೆ, ಬೆಂಚಿದೆ, ಕೂತಲ್ಲಿಗೇ ಹಕ್ಕಿ ಕಾಣತ್ತೆ. ಇನ್ನೇನು ಬೇಕು?" ಎಂದ.

ಹೆಂಡತಿಗೆ ಇದನ್ನು ಹೇಳಿದಾಗ ಅವಳ ಮುಖ ಅರಳಿತು. "ಬೆಂಚಿದ್ಯಂತಾ? ಹಾಗಾದ್ರೆ ಅದೇ ಇರ್ಲಿ. ನಿಂತೂ ನಿಂತೂ ನನ್ನ ಮಂಡಿ ಹೋಗಿದೆ" ಎಂದಳು.

ಅಲ್ಲಿಗೆ ವಿಷಯ ಮುಗಿಯಬೇಕಿತ್ತು. ಬುದ್ಧಿ ನೆಟ್ಟಗಿರುವ ಗಂಡಸಾಗಿದ್ದರೆ ಕೆರೆಯ ಅತಿಥಿಗೃಹಕ್ಕೆ ಫೋನ್ ಮಾಡಿ, ಕೋಣೆ ಹಿಡಿದು, ಮಲಗಿಬಿಡುತ್ತಿದ್ದ. ಆದರೆ ಗುಮಾಸ್ತ ಹೇಳಿ, ಹೆಂಡತಿ ಒಪ್ಪಿ, ಇಷ್ಟು ಸಲೀಸಾಗಿ ಮುಗಿದುಹೋದರೆ ಆರಿಸಿದ ಕೀರ್ತಿ ನನಗೆ ಸಿಗುವುದೆಲ್ಲಿಂದ? ನಾನು ಕೂಲಂಕಷ ಅಧ್ಯಯನಕ್ಕೆ ಇಳಿದೆ. ಹಾಗೆ ಅಧ್ಯಯನ ಮಾಡುವಾಗಲೇ ಆ ಹಾಳು ಸಂಗತಿ ನನ್ನ ಕಣ್ಣಿಗೆ ಬಿತ್ತು. ಪಳಗಿದ ಹಕ್ಕಿವೀಕ್ಷಕರು ಗೂಬೆಯ ಹಾಗೆ ಕೂಗುತ್ತಾರಂತೆ, ಆಗ ಪೊದೆಯಲ್ಲಿ ಅಡಗಿದ ಹಕ್ಕಿಗಳೆಲ್ಲ ಗೂಬೆಯನ್ನು ಅಟ್ಟಲು ತಾವಾಗಿಯೇ ಹೊರಗೆ ಬರುತ್ತವಂತೆ!

ಕೂಗುವುದೇ? ಆಹಾ! ನನ್ನ ಗಂಟಲೇನು ಸಾಮಾನ್ಯದ್ದೇ? ಚಲಿಸುವ ರೈಲಿನ ಸದ್ದನ್ನೂ ಮೀರಿ ಕಟ್ಟಕಡೆಯ ಬೋಗಿಯವರಿಗೆ ಕೇಳಿಸುವ ಗಂಟಲು! ಇದರ ಮುಂದೆ ಕೆರೆಯೇನು, ಬೆಟ್ಟವೇನು, ಹೋದಲ್ಲೆಲ್ಲ ಹಕ್ಕಿಗಳೇ ಸಾಲುಗಟ್ಟಿ ಬಂದು ನನ್ನ ಹೆಂಡತಿಗೆ ದರ್ಶನ ಕೊಡಬೇಕು. ಅಭ್ಯಾಸ ಮಾಡಿಯೇ ಬಿಡೋಣ ಎಂದು ಹೊರಟೆ.

"ಹಕ್ಕಿ ನೋಡೋಕೆ ಹೋಗೋದಾ, ಹಕ್ಕಿಗಳಿಗೆ ನಿಮ್ಮ ಧ್ವನಿ ಕೇಳಿಸೋಕೆ ಹೋಗೋದಾ?" ಎಂದು ಹೆಂಡತಿ ಕೇಳಿದಳು. ದೊಡ್ಡ ಕೆಲಸಕ್ಕೆ ಕೈ ಹಾಕಿದವರು ಇಂಥ ಚಿಲ್ಲರೆ ಪ್ರಶ್ನೆಗಳಿಗೆ ಕಿವಿ ಕೊಡಬಾರದು ಎಂದು ನಾನು ಕೊಡಲಿಲ್ಲ.

ಮರುದಿನ ಬೆಳಗ್ಗೆ ತಾರಸಿ ಹತ್ತಿದೆ. ಒಂದು ಕಡೆ ನೀರಿನ ಟ್ಯಾಂಕು, ಇನ್ನೊಂದು ಕಡೆ ಒಣಗಲು ಹಾಕಿದ ಬಟ್ಟೆ. ನಡುವೆ ನಿಂತು ಗಂಟಲು ಸರಿಮಾಡಿಕೊಂಡು, ಎರಡೂ ಕೈಗಳನ್ನು ಬಾಯಿಗೆ ಹಿಡಿದು, "ಊ... ಹೂ... ಹೂ..." ಎಂದು ಶುರುಮಾಡಿದೆ. ಮೊದಲು ಕೆಳಮನೆಯ ಅಜ್ಜಿ ಧಡ್ ಎಂದು ಕಿಟಕಿ ಮುಚ್ಚಿಕೊಂಡರು. ಆಮೇಲೆ ಟ್ಯಾಂಕಿನ ಮೇಲೆ ಒಂದು ಕಾಗೆ ಬಂದು ಕೂತಿತು. ತಲೆ ಓರೆ ಮಾಡಿ ನನ್ನನ್ನು ಮೇಲಿಂದ ಕೆಳಗಿನವರೆಗೆ ನೋಡಿತು. ನಾನು ಇನ್ನಷ್ಟು ಹುರುಪಿನಿಂದ ಕೂಗಿದೆ. ಕಾಗೆಯೂ ಕೂಗಿತು. ಪಕ್ಕದ ಮರದಿಂದ ಒಂದು ಬಂತು, ತಂತಿಯ ಮೇಲಿಂದ ಎರಡು ಬಂದವು, ಆಮೇಲೆ ಎಲ್ಲಿಂದ ಬಂದವೋ ಆ ದೇವರೇ ಬಲ್ಲ, ಆಕಾಶವೇ ಕಪ್ಪಾಯಿತು! ಮೊದಲ ಪ್ರಯೋಗದಲ್ಲೇ ಇಂಥ ಜನಪ್ರಿಯತೆ! ನನ್ನ ಎದೆ ಉಬ್ಬಿತು.

ಟಕ್!

ನನ್ನ ಬೋಳುತಲೆಯ ನಟ್ಟನಡುವೆ ಏನೋ ಚುಚ್ಚಿತು. ಕೈಯೆತ್ತಿ ಮುಟ್ಟಿಕೊಳ್ಳುವಷ್ಟರಲ್ಲಿ ಇನ್ನೊಂದು ಟಕ್! ನಾನು ಕಾಲಿಗೆ ಬುದ್ಧಿ ಹೇಳಿದೆ. ಒಣಗಿದ ಬಟ್ಟೆಗಳ ಮಧ್ಯೆ ನುಗ್ಗಿ, ಹಗ್ಗಕ್ಕೆ ಸಿಕ್ಕಿ, ಸಿಕ್ಕಿದ್ದನ್ನೆಲ್ಲ ತಲೆಗೆ ಸುತ್ತಿಕೊಂಡು ಮೆಟ್ಟಿಲು ಉರುಳಿ ಕೆಳಗೆ ಬಂದೆ. ರಾತ್ರಿ ಪಾಳಿ ಮುಗಿಸಿ ಬಂದ ಹೆಂಡತಿ ಆಗತಾನೆ ಬಾಗಿಲ ಬೀಗ ತೆಗೆಯುತ್ತಿದ್ದಳು.

"ಯಾರದು?"

"ನಾನೇ ಕಣೇ!"

"ನನ್ನ ಯೂನಿಫಾರ್ಮ್ ಯಾಕೆ ಹಾಕ್ಕೊಂಡಿದೀರಾ?"

ಕಾರಣ ಕೇಳಿದ ಮೇಲೆ ಅವಳು ನಗಲಿಲ್ಲ, ಬೈಯಲಿಲ್ಲ. ಕುರ್ಚಿಯಲ್ಲಿ ಕೂರಿಸಿ, ತಲೆ ಬಗ್ಗಿಸಿ, ಗಾಯ ತೊಳೆದು ಔಷಧಿ ಹಚ್ಚಿದಳು. ರಾತ್ರಿಯಿಡೀ ಬೇರೆಯವರ ನೋವಿಗೆ ಓಡಾಡಿದ ಕೈ ಅದು. ಅದಕ್ಕೆ ಬೆಳಗ್ಗೆ ಬೆಳಗ್ಗೆ ಇನ್ನೊಬ್ಬ ರೋಗಿಯನ್ನು ನಾನೇ ಒದಗಿಸಿಕೊಟ್ಟಿದ್ದೆ. "ಇನ್ನು ಮೇಲೆ ಹತ್ತಬೇಡಿ" ಎಂದಷ್ಟೇ ಹೇಳಿ ಮಲಗಲು ಹೋದಳು.

ಕಥೆ ಇಲ್ಲಿಗೇ ನಿಂತಿದ್ದರೆ ನಾನು ನಿಮ್ಮ ಮುಂದೆ ಹೀಗೆ ಗೋಳು ಹೇಳಿಕೊಳ್ಳುತ್ತಿರಲಿಲ್ಲ. ಕಾಗೆಗಳು ಮರೆಯಲಿಲ್ಲ! ಮಾರನೆಯ ದಿನ ನಾನು ಗೇಟು ದಾಟಿದ್ದೇ ತಡ, ಮೇಲಿಂದ ಒಂದು ಕೂಗು, ಹಿಂದಿನಿಂದ ಒಂದು ಟಕ್. ಬೀದಿಯಲ್ಲಿ ಅಷ್ಟೊಂದು ತಲೆಗಳಿದ್ದವು. ತರಕಾರಿಯವನ ತಲೆ, ಶಾಲೆಗೆ ಹೊರಟ ಮಕ್ಕಳ ತಲೆ, ಬ್ಯಾಂಕಿನ ವ್ಯವಸ್ಥಾಪಕರ ದುಂಡಗಿನ ತಲೆ. ಕಾಗೆಗಳಿಗೆ ಬೇಕಾಗಿದ್ದು ನನ್ನದೊಂದೇ. ಛತ್ರಿ ಹಿಡಿದೆ. ಛತ್ರಿಯ ಮೇಲೆ ಕೂತು ಕೂಗಿದವು. ಟೋಪಿ, ಕಪ್ಪು ಕನ್ನಡಕ ಹಾಕಿದೆ. ನಮ್ಮ ಓಣಿಯ ನಾಯಿ ನನ್ನನ್ನು ಗುರುತಿಸದೆ ಬೊಗಳಿತು, ಕಾಗೆಗಳು ಮಾತ್ರ ಗುರುತಿಸಿದವು. ಕೊನೆಗೆ ಕಾಲ್ನಡಿಗೆಯಲ್ಲಿ ಹೋಗುವವನು ಸ್ಕೂಟರಿನ ಹೆಲ್ಮೆಟ್ ಹಾಕಿಕೊಂಡು ಹೋಗತೊಡಗಿದೆ.

"ಈಗ ನಮಗೆ ಗಡಿಯಾರ ಬೇಕಾಗಿಲ್ಲ ಸ್ವಾಮಿ. ಕಾಗೆ ಕೂಗಿದ್ರೆ ನೀವು ಡ್ಯೂಟಿಗೆ ಹೊರಟ್ರಿ ಅಂತ ಗೊತ್ತಾಗತ್ತೆ" ಎಂದು ಮೂಲೆಮನೆಯ ದರ್ಜಿ ಸೂಜಿಗೆ ದಾರ ಪೋಣಿಸುತ್ತ ಹೇಳಿದ.

ಒಂದು ಕಾಗೆಯಂತೂ ನಿಲ್ದಾಣದವರೆಗೂ ಹಿಂಬಾಲಿಸಿ ಬಂದು ನನ್ನ ಕೊಠಡಿಯ ಗವಾಕ್ಷಿಯಲ್ಲಿ ಕೂತಿತು. ನಾನು ಮೈಕ್ ಹಾಕಿ, "ಪ್ರಯಾಣಿಕರು ದಯವಿಟ್ಟು ಗಮನಿಸಬೇಕು" ಎಂದೆ. "ಕಾ! ಕಾ!" ಎಂದು ಅದು ಇಡೀ ನಿಲ್ದಾಣಕ್ಕೆ ಸಾರಿತು. ಸ್ಟೇಷನ್ ಮಾಸ್ಟರ್ ಬಾಗಿಲಲ್ಲಿ ಇಣುಕಿ, "ಏನ್ರೀ, ಸಹಾಯಕನನ್ನ ಇಟ್ಕೊಂಡಿದೀರಾ? ನನ್ನನ್ನ ಒಂದು ಮಾತು ಕೇಳ್ಬಾರ್ದಾ?" ಎಂದರು.

ಇದನ್ನೆಲ್ಲ ಹೆಂಡತಿಗೆ ಹೇಳಲಿಲ್ಲ. ಅವಳ ಪಾಳಿಯೂ ನನ್ನ ಪಾಳಿಯೂ ಬೇರೆಬೇರೆ, ಹಾಗಾಗಿ ನನ್ನ ಮೆರವಣಿಗೆಯನ್ನು ಅವಳು ನೋಡುವ ಸಂದರ್ಭ ಬರಲಿಲ್ಲ. "ಕಾಗೆ ಕಾಟ ನಿಂತಿತಾ?" ಎಂದು ಕೇಳಿದಾಗ, "ಛೇ, ಅದು ಆಗಲೇ ಮುಗೀತು" ಎಂದೆ. ಲೋಕಕ್ಕೆಲ್ಲ ದಾರಿ ತೋರಿಸುವ ಗಂಡಸು ಹಕ್ಕಿಗೆ ಹೆದರಿ ಹೆಲ್ಮೆಟ್ ಹಾಕಿಕೊಳ್ಳುತ್ತಾನೆ ಎಂದು ಯಾವ ಬಾಯಿಂದ ಹೇಳಲಿ?

ಈಗ ಪ್ರವಾಸದ ಚಿಂತೆ ಹತ್ತಿತು. ಕೆರೆ ಎಂದರೆ ನೀರು, ಮೀನು, ಜನ, ಜನ ಚೆಲ್ಲಿದ ತಿಂಡಿ. ಅಂಥ ಕಡೆ ಕಾಗೆ ಇರದೆ ಹೋಗುತ್ತದೆಯೇ? ಊರು ಬೇರೆಯಾದರೇನು, ಒಂದು ಊರಿನ ಕಾಗೆ ಇನ್ನೊಂದು ಊರಿನ ಕಾಗೆಗೆ ಸುದ್ದಿ ಮುಟ್ಟಿಸುವುದಿಲ್ಲ ಎಂದು ಯಾರು ಹೇಳಬಲ್ಲರು? ಹೆಂಡತಿ ಮನೆಯಲ್ಲಿಲ್ಲದ ಹೊತ್ತು ನೋಡಿ ಕೆರೆಯ ಅತಿಥಿಗೃಹಕ್ಕೆ ಫೋನ್ ಮಾಡಿದೆ.

"ನಮಸ್ಕಾರ. ಅಲ್ಲಿ ಕಾಗೆ ಇದೆಯಾ?"

"ಸಾರ್, ಕೊಕ್ಕರೆ ಇದೆ, ಬಾತು ಇದೆ, ನೀರುಕೋಳಿ ಇದೆ..."

"ಕಾಗೆ?"

ಆ ಕಡೆಯವನು ಸ್ವಲ್ಪ ಯೋಚಿಸಿದ. ಬಂದ ಗಿರಾಕಿಯನ್ನು ಬಿಟ್ಟುಕೊಡಲು ಅವನಿಗೆ ಮನಸ್ಸಿರಲಿಲ್ಲ. "ಇದೆ ಸಾರ್! ಬೇಕಾದಷ್ಟಿದೆ! ನಿಮ್ಮ ರೂಮಿನ ಕಿಟಕಿಗೇ ಬರತ್ತೆ. ಇನ್ನೂ ಬೇಕು ಅಂದ್ರೆ ಅಡುಗೆಮನೆ ಹಿಂದೆ ರೂಮ್ ಕೊಡ್ತೀನಿ!"

ನಾನು ಫೋನ್ ಇಟ್ಟೆ. ಅಳಿವೆಯವರನ್ನು ಕೇಳಿದೆ. "ಮೀನು ಒಣಗಿಸೋ ಜಾಗ ಸಾರ್ ಇದು. ಕಾಗೆ ಇದೆಯಾ ಅಂತ ಕೇಳ್ತೀರಲ್ಲ!" ಎಂದು ನಕ್ಕರು. ಕೊನೆಗೆ ಬೆಟ್ಟ. "ಕಾಗೆ? ಇಲ್ಲ ಸಾರ್. ಇದು ದಟ್ಟ ಕಾಡು. ಇಲ್ಲಿಗೆ ಕಾಗೆ ಬರಲ್ಲ. ಯಾಕೆ, ಬೇಕಿತ್ತಾ?" ಎಂದಿತು ಒಂದು ಸಂಭಾವಿತ ಧ್ವನಿ.

"ಬೇಡ! ಬೇಡ! ಖಂಡಿತ ಇಲ್ಲ ತಾನೇ? ಹಾಗಾದ್ರೆ ಕೋಣೆ ನನಗೇ!" ಎಂದು ಕೂಗಿದೆ.

ಸಂಜೆ ಹೆಂಡತಿಯ ಮುಂದೆ ಗಂಭೀರವಾಗಿ ನಿಂತು ಘೋಷಿಸಿದೆ. "ಎಲ್ಲಾ ರೀತಿಯಿಂದಲೂ ಪರಿಶೀಲಿಸಿದೀನಿ. ನಾವು ಬೆಟ್ಟಕ್ಕೆ ಹೋಗ್ತಾ ಇದೀವಿ."

"ಕೆರೆ ಅಂತಿದ್ರಲ್ಲ?"

"ಕೆರೆಯಲ್ಲಿ ಈಗ ಹಕ್ಕಿ ಕಡಿಮೆಯಂತೆ."

"ಬೆಟ್ಟ ಅಂದ್ರೆ ಮೆಟ್ಟಿಲು ಇರತ್ತಲ್ವಾ?"

"ಹೆಸರಿಗೆ ಮೆಟ್ಟಿಲು. ಮಕ್ಕಳು ಕೂಡ ಹತ್ತುತ್ತಾರಂತೆ."

ಅವಳು ಮಂಚದ ಅಂಚಿನಲ್ಲಿ ಕೂತು ಮಂಡಿ ಸವರಿಕೊಳ್ಳುತ್ತಿದ್ದಳು. "ಸರಿ. ನೀವು ಇಷ್ಟೆಲ್ಲ ವಿಚಾರಿಸಿದೀರಿ ಅಂದ್ಮೇಲೆ ಸರಿಯಾಗೇ ಇರತ್ತೆ" ಎಂದಳು. ಸುಳ್ಳು ಹೇಳಿದವನಿಗೆ ಇದಕ್ಕಿಂತ ದೊಡ್ಡ ಶಿಕ್ಷೆ ಇಲ್ಲ. ನನಗೆ ನಾಚಿಕೆಯಾಯಿತು, ನಿಜವಾಗಿಯೂ ಆಯಿತು. ಆದರೆ ನಾಚಿಕೆ ಒಳಗೆ ಚುಚ್ಚುತ್ತದೆ, ಕಾಗೆ ಹೊರಗೆ ಚುಚ್ಚುತ್ತದೆ. ಹೊರಗಿನದರ ನೋವು ನನಗೆ ಇನ್ನೂ ಹಸಿಯಾಗಿ ನೆನಪಿತ್ತು.

ತರಬೇತಿ ಮುಗಿಯುವ ಹೊತ್ತಿಗೆ ನಾನೂ ಆ ಊರು ತಲುಪಿದೆ. ಆ ಬಿಡುವಿನ ದಿನ ಬೆಳಗ್ಗೆ ಬಸ್ಸು ಹಿಡಿದು ಬೆಟ್ಟದ ಬುಡಕ್ಕೆ ಹೋದೆವು. ಬಸ್ಸಿನಲ್ಲಿ ಹೆಂಡತಿ ಕಿಟಕಿಗೆ ಮುಖ ಕೊಟ್ಟು ಹೊಲ, ಹಳ್ಳ ನೋಡುತ್ತಿದ್ದಳು. ನಾನು ಬೆಟ್ಟದ ಎತ್ತರ, ಕಾಡಿನ ಅಗಲ, ಹಕ್ಕಿಗಳ ಸ್ವಭಾವ ಎಲ್ಲವನ್ನೂ ವಿವರಿಸುತ್ತಿದ್ದೆ. ಆಕಾಶದಲ್ಲಿ ಒಂದೂ ಕಪ್ಪು ಚುಕ್ಕೆ ಇರಲಿಲ್ಲ. ಎಷ್ಟೋ ದಿನಗಳ ಮೇಲೆ ನನ್ನ ತಲೆ ಬಿಸಿಲು ಕಂಡಿತ್ತು. ನಾನು ಆರಿಸಿದ ಜಾಗ ಎಂದು ಮನಸ್ಸಿನಲ್ಲೇ ಬೆನ್ನು ಚಪ್ಪರಿಸಿಕೊಂಡೆ.

ಅತಿಥಿಗೃಹದ ಮೆಟ್ಟಿಲ ಮೇಲೆ ಅದನ್ನು ನೋಡಿಕೊಳ್ಳುವ ಮನುಷ್ಯ ನಮಗಾಗಿಯೇ ಕಾಯುತ್ತಿದ್ದ. ನನ್ನ ಧ್ವನಿ ಕೇಳಿದ್ದೇ ತಡ, ಎರಡೂ ಕೈ ಜೋಡಿಸಿದ. "ಓಹೋ! ಕಾಗೆ ಸಾಹೇಬ್ರು! ಬನ್ನಿ ಬನ್ನಿ! ಫೋನಿನಲ್ಲಿ ಕೇಳಿದ ಧ್ವನಿ ಮರೆಯೋದುಂಟಾ?"

"ಯಾವ ಕಾಗೆ?" ಎಂದಳು ಹೆಂಡತಿ.

ನಾನು ಅವನಿಗೆ ಕಣ್ಣುಸನ್ನೆ ಮಾಡಿದೆ. ಅವನಿಗೆ ಅದು ಧೈರ್ಯ ತುಂಬು ಎಂಬ ವಿನಂತಿಯಂತೆ ಕಂಡಿರಬೇಕು. "ಹೆದರ್ಬೇಡಿ ಸಾರ್! ನಿನ್ನೆ ನಾನೇ ಸುತ್ತಾಡಿ ನೋಡ್ಕೊಂಡು ಬಂದೆ. ಒಂದೂ ಕಾಗೆ ಇಲ್ಲ! ಅಮ್ಮಾ, ಕೆರೆ ಗೆಸ್ಟ್ ಹೌಸ್ ನೋಡ್ಕೊಳ್ಳೋನು ನನ್ನ ತಮ್ಮ. ಪಾಪ, ಒಬ್ರು ಕಾಗೆ ವಿಚಾರಿಸಿ ಫೋನ್ ಮಾಡಿದ್ರು, ಬರ್ಲೇ ಇಲ್ಲ ಅಂತ ಬೇಜಾರು ಮಾಡ್ಕೊಂಡಿದ್ದ. ಈ ಸಲ ಅಲ್ಲಿ ಎಷ್ಟು ಹಕ್ಕಿ ಬಂದಿದ್ಯಂತೆ ಅಂದ್ರೆ ಕೆರೆ ನೀರೇ ಕಾಣಲ್ವಂತೆ!"

ಹೆಂಡತಿ ನಿಧಾನವಾಗಿ ನನ್ನ ಕಡೆ ತಿರುಗಿದಳು. ನನ್ನ ಮುಖ ಹುಳ್ಳಗಾಯಿತು. ಬೈಯುತ್ತಾಳೆ ಎಂದು ಕಾದೆ. ಅವಳು ಬಗ್ಗಿ ಶೂಗಳ ದಾರ ಬಿಗಿ ಮಾಡಿಕೊಂಡು, "ನಡೀರಿ" ಎಂದು ಬೆಟ್ಟದ ಮೆಟ್ಟಿಲು ಹತ್ತಲು ಶುರುಮಾಡಿದಳು.

ಆಮೇಲೆ ನಾನು ಆಡಿದ ಮಾತುಗಳನ್ನು ಇಲ್ಲಿ ಬರೆದರೆ ನಿಮಗೇ ಸಿಟ್ಟು ಬಂದೀತು. ಈ ಮರ ನೋಡು ಎಂದೆ. ಗಾಳಿ ಎಷ್ಟು ಚೆನ್ನಾಗಿದೆ ಎಂದೆ. ಕೆರೆಯ ನೀರಿನಿಂದ ನೆಗಡಿಯಾಗುತ್ತದೆ ಎಂದೆ. ನನ್ನ ಬಾಯಿ ನಿಲ್ಲಲೇ ಇಲ್ಲ. ನಿಲ್ಲಿಸಿದರೆ ಅವಳು ಮಾತಾಡಬಹುದೆಂಬ ಭಯ. ಮಕ್ಕಳು ಕೂಡ ಹತ್ತುವ ಆ ಮೆಟ್ಟಿಲುಗಳು ಮುಗಿಯುವ ಲಕ್ಷಣವೇ ಕಾಣಲಿಲ್ಲ. ಅವಳು ಒಂದೊಂದಕ್ಕೂ ಕೈಯನ್ನು ಮಂಡಿಗೆ ಊರಿ ಹತ್ತುತ್ತಿದ್ದಳು. ಅರ್ಧ ದಾರಿಯಲ್ಲಿ ಒಂದು ತಿರುವು, ತಿರುವಿನಲ್ಲಿ ಒಂದು ಚಪ್ಪಟೆ ಬಂಡೆ. ಅವಳು ಅದರ ಮೇಲೆ ಕೂತು ಶೂ ಬಿಚ್ಚಿದಳು. ಮಂಡಿ ಬಾತುಕೊಂಡಿತ್ತು.

"ನೀವು ಹೋಗಿ ನೋಡ್ಕೊಂಡು ಬನ್ನಿ. ನಾನು ಇಲ್ಲೇ ಇರ್ತೀನಿ."

ನಾನು ಹೋಗಲಿಲ್ಲ. ಪಕ್ಕದಲ್ಲಿ ಕೂತೆ.

"ಕಾಗೆ ಕಾಟ ನಿಂತಿರ್ಲಿಲ್ಲ, ಅಲ್ವಾ?"

"ಹೂಂ."

"ಅದಕ್ಕೆ ಹೆದರಿ ಕೆರೆಯಲ್ಲಿ ಹಕ್ಕಿ ಇಲ್ಲ ಅಂದ್ರಿ."

"ಹೂಂ."

"ನನಗೆ ಹೇಳಿದ್ರೆ ಏನಾಗ್ತಿತ್ತು? ಪಕ್ಕದಲ್ಲಿ ಛತ್ರಿ ಹಿಡ್ಕೊಂಡು ಕೂತಿರ್ತಿದ್ದೆ."

ಅವಳ ಧ್ವನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಒಳ್ಳೆಯದಿತ್ತು, ಸಿಟ್ಟಿಗೆ ನನ್ನ ಹತ್ತಿರ ಬೇಕಾದಷ್ಟು ಉತ್ತರಗಳಿವೆ. ಅವಳು ದೂರದ ಮರಗಳ ಕಡೆ ನೋಡುತ್ತ ಹೇಳಿದಳು. "ನನಗೆ ಯಾವ ಹಕ್ಕಿಯಾದ್ರೂ ನಡೀತಿತ್ತು ರೀ. ಕಾಗೆಯಾದ್ರೂ ನಡೀತಿತ್ತು. ವಾರ್ಡಲ್ಲಿ ದಿನವಿಡೀ ಮೆಷಿನ್ ಕೂಗ್ತಿರತ್ತೆ. ರೋಗಿಗಳು ಕೂಗ್ತಾರೆ, ಅವರ ಮನೆಯವರು ಕೂಗ್ತಾರೆ, ಡಾಕ್ಟರು ಕೂಗ್ತಾರೆ. ಮನೆಗೆ ಬಂದ್ರೆ ನೀವು. ಒಂದು ದಿನ, ಒಂದೇ ಒಂದು ದಿನ, ಯಾರ ಮಾತೂ ಕಿವಿಗೆ ಬೀಳದ ಕಡೆ ನಿಮ್ಮ ಪಕ್ಕದಲ್ಲಿ ಸುಮ್ನೆ ಕೂತ್ಕೋಬೇಕು ಅಂತಿತ್ತು. ಅಷ್ಟೇ."

ನಾನು ಬಾಯಿ ತೆರೆದೆ. ಏನೂ ಬರಲಿಲ್ಲ. ನನ್ನ ಗಂಟಲು ನನಗೆ ಕೈಕೊಟ್ಟಿದ್ದು ಅದೇ ಮೊದಲು. ಬಾಯಿ ಮುಚ್ಚಿದೆ.

ಮೊದಮೊದಲು ಆ ಮೌನ ನನಗೆ ಸಹಿಸಲಾಗಲಿಲ್ಲ. ಗಂಟಲಲ್ಲಿ ಮಾತು ಕೆರೆಯುತ್ತಿತ್ತು. ನುಂಗಿಕೊಂಡೆ. ಆಮೇಲೆ ಮೆಲ್ಲಗೆ ಬೇರೆ ಸದ್ದುಗಳು ಕೇಳತೊಡಗಿದವು. ಒಣಗಿದ ಎಲೆಯ ಮೇಲೆ ಏನೋ ಕುಪ್ಪಳಿಸಿತು. ಮೇಲೆಲ್ಲೋ ಮರ ಕುಟ್ಟುವ ಸದ್ದು ಬಂತು, ನಿಂತಿತು, ಮತ್ತೆ ಬಂತು. ಹೆಸರು ಗೊತ್ತಿಲ್ಲದ ಒಂದು ಪುಟ್ಟ ಹಕ್ಕಿ ಎದುರಿನ ಕೊಂಬೆಗೆ ಬಂದು, ಬಾಲ ಕುಣಿಸಿ, ಹೋಯಿತು. ಹೆಂಡತಿ ಅದನ್ನು ನೋಡಿದಳು. ನನಗೆ ತೋರಿಸಲಿಲ್ಲ. ನಾನು ನೋಡಿದೆನೆಂದು ಅವಳಿಗೆ ಗೊತ್ತಿತ್ತು.

ಅವಳು ಬರಿಗಾಲಲ್ಲಿ ಕೂತಿದ್ದಳು. ಊರಿನವರಿಗೆಲ್ಲ ಎಲ್ಲಿ ಹೋಗಬೇಕೆಂದು ಹೇಳುವ ನಾನು, ಮನೆಯವಳು ಎಲ್ಲಿ ಹೋಗಬೇಕೆಂದು ತಾನೇ ಹೇಳಿದರೂ ಕೇಳಿಸಿಕೊಂಡಿರಲಿಲ್ಲ. ಅವಳಿಗೆ ಸಿಕ್ಕಿದ್ದ ಒಂದು ದಿನವನ್ನು ನನ್ನ ಬೋಳುತಲೆಯ ರಕ್ಷಣೆಗೆ ಖರ್ಚು ಮಾಡಿದ್ದೆ. ಕ್ಷಮಿಸು ಎನ್ನಬೇಕೆನಿಸಿತು. ಅದನ್ನು ಹೇಳಲಿಕ್ಕೂ ಮಾತಾಡಬೇಕಲ್ಲ! ಸುಮ್ಮನೆ ಅವಳ ಪಾದಗಳನ್ನು ನನ್ನ ತೊಡೆಯ ಮೇಲೆ ಇಟ್ಟುಕೊಂಡೆ. ಅವಳು ಎಳೆದುಕೊಳ್ಳಲಿಲ್ಲ.

ಬಿಸಿಲು ಬಂಡೆಯ ಮೇಲಿಂದ ಸರಿಯುವವರೆಗೂ ನಾವು ಹಾಗೇ ಕೂತಿದ್ದೆವು. ಅವಳು ಬಂಡೆಗೆ ಒರಗಿ ಕಣ್ಣು ಮುಚ್ಚಿದ್ದಳು. ಮಲಗಿದಳೆಂದುಕೊಂಡೆ. ಅಷ್ಟರಲ್ಲಿ ಕಣ್ಣು ತೆರೆದು, ನನ್ನ ತೋಳು ಮುಟ್ಟಿ ಪಿಸುಗುಟ್ಟಿದಳು.

"ರೀ, ಅಲ್ಲಾಡ್ಬೇಡಿ. ತುಂಬಾ ಅಪರೂಪದ್ದು ಬಂದು ಕೂತಿದೆ."

ನಾನು ಕಲ್ಲಾದೆ. ಕತ್ತು ತಿರುಗಿಸದೆ ಕಣ್ಣುಗುಡ್ಡೆಗಳನ್ನಷ್ಟೇ ಆ ಕೊಂಬೆಯಿಂದ ಈ ಕೊಂಬೆಗೆ ಹೊರಳಿಸಿದೆ. ಏನೂ ಕಾಣಲಿಲ್ಲ. 'ಎಲ್ಲಿ?' ಎಂದು ಹುಬ್ಬಿನಲ್ಲೇ ಕೇಳಿದೆ.

"ಇಲ್ಲೇ, ನನ್ನ ಪಕ್ಕದಲ್ಲೇ. ಮದುವೆಯಾದಾಗಿನಿಂದ ಕಾಯ್ತಾ ಇದ್ದೆ, ಇವತ್ತು ಕಾಣ್ತು. ಬಾಯಿ ಮುಚ್ಕೊಂಡು ಕೂತಿರೋ ಗಂಡ."

ನಾನು ಏನೋ ಹೇಳಲು ಬಾಯಿ ತೆರೆದೆ.

"ಶ್!" ಎಂದು ಅವಳು ತುಟಿಯ ಮೇಲೆ ಬೆರಳಿಟ್ಟಳು. "ಸದ್ದು ಮಾಡಿದ್ರೆ ಹಾರಿಹೋಗತ್ತೆ!"